ಕೈ ಕಟ್ಟಿಸಿ ಕಲಿಸಿದ ಅಕ್ಷರ

ಹೋದ ತಿಂಗಳು ಜಂಗಮಕೋಟೆಯ ನೆಂಟರ ಮನೆಗೆ ಹೋಗಿದ್ದೆ. ಅವರ ಜಗಲಿಯ ಮೇಲೆ ಆವತ್ತು ತಾನೇ ಬಿಡಿಸಿದ ರೇಷ್ಮೆಗೂಡು ರಾಶಿ ಬಿದ್ದಿತ್ತು. ಹಿಂದಿರುಗುವಾಗ ಬಸ್ಸಿನಲ್ಲಿ ಕುಳಿತು ನೋಡುತ್ತೇನೆ, ನನ್ನ ಶಾಲಿಗೆ ಒಂದು ಚೂರು ಜುಂಗು ಅಂಟಿಕೊಂಡು ಬಂದಿದೆ. ಗೂಡಿನ ಹೊರಮೈ ಮೇಲಿರುತ್ತದಲ್ಲ, ಹತ್ತಿಯಂಥದು, ಅದು. ಬಿಡಿಸಿ ಅಂಗೈ ಮೇಲಿಟ್ಟುಕೊಂಡು, ಹಾರಿಹೋಗಲಿ ಎಂದು ತುಟಿ ಮುಚ್ಚಿ ತೆರೆದೆ. ‘ಪ’ ಎಂದಂತಾಯಿತು. ಹಾರಿತು. ಪಕ್ಕದಲ್ಲಿದ್ದ ಕಾಲೇಜು ಹುಡುಗಿ, ಮುದುಕ ಏನೋ ಆಟ ಆಡುತ್ತಿದ್ದಾನೆ ಎಂದು ನಕ್ಕಳು. ನನಗೆ ಎದುರುಮನೆ ಅಕ್ಕ ನೆನಪಾಗಿ... ಶಿಡ್ಲಘಟ್ಟ ಬರುವವರೆಗೂ ಕಿಟಕಿ ಕಡೆ ಮುಖ ತಿರುಗಿಸಿಕೊಂಡು ಕುಳಿತಿದ್ದೆ.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಎಸ್.ಎಸ್.ಎಲ್.ಸಿ. ಪಾಸು ಮಾಡಿದ್ದೆ. ಮುಂದೆ ಓದಿಸುವ ಶಕ್ತಿ ಮನೆಯಲ್ಲಿ ಇರಲಿಲ್ಲ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ತೂಕ ಬರೆಯುವ ಕೆಲಸ ಸಿಕ್ಕಿತು. ಮೇಷ್ಟ್ರಾಗಬೇಕೆಂಬ ಆಸೆ ಇತ್ತು, ಅದು ಹೊಟ್ಟೆಯೊಳಗೇ ಉಳಿಯಿತು. ಮಾರುಕಟ್ಟೆಯಲ್ಲಿ ನನಗೆ ಹೆಸರೂ ಇರಲಿಲ್ಲ. “ಲೋ, ಬರ್ಕೋ” ಎಂದರೆ ನಾನೇ ಎಂದು ತಿಳಿದುಕೊಳ್ಳಬೇಕಿತ್ತು.

ನಾನಿದ್ದ ಬೀದಿಯಲ್ಲಿ ಎದುರುಮನೆಯವಳು ಅಕ್ಕ. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳಿರಬಹುದು. ಚಿಂತಾಮಣಿ ಕಡೆಯ ಹೆಣ್ಣು, ಮನೆಮಾತು ತೆಲುಗು. ಅವಳ ಕನ್ನಡದಲ್ಲಿ ನಡುನಡುವೆ ತೆಲುಗು ಇಣುಕುತ್ತಿತ್ತು. ಗಂಡ ತೊಂಡೇಬಾವಿಯಲ್ಲಿ ರೈಲ್ವೆ ಹಳಿ ನೋಡಿಕೊಳ್ಳುವ ಗ್ಯಾಂಗಿನಲ್ಲಿದ್ದ, ತಿಂಗಳಿಗೊಮ್ಮೆಯೋ ಎರಡು ಸಲವೋ ಬರುತ್ತಿದ್ದ. ಹಿತ್ತಲಿನಲ್ಲಿ ಚರಕ ಹಾಕಿಕೊಂಡು, ಅಕ್ಕ ಕುದಿನೀರಿನಲ್ಲಿ ಗೂಡು ಬೇಯಿಸಿ ನೂಲು ತೆಗೆಯುತ್ತಿದ್ದಳು. ಅವಳ ಬೆರಳ ತುದಿಗಳು ಸದಾ ಬೆಳ್ಳಗೆ ಸುಕ್ಕಾಗಿ, ಬೆಂದ ಹಾಗಿರುತ್ತಿದ್ದವು. ಅಷ್ಟಾದರೂ ಅವಳು ನಕ್ಕರೆ ಬೀದಿಯ ಆ ತುದಿಗೆ ಕೇಳಬೇಕು.

ಅವಳಿಗೆ ಒಬ್ಬನೇ ಮಗ. ಐದು ವರ್ಷದವನು. ಮುನಿರಾಜು ಎಂದು ಹೆಸರಿಟ್ಟಿದ್ದರು, ಆ ಹೆಸರು ಇಡೀ ಬೀದಿಗೆ ಗೊತ್ತಿತ್ತು, ಅವನೊಬ್ಬನಿಗೆ ಗೊತ್ತಿರಲಿಲ್ಲ. ಅವನಿಗೆ ಕಿವಿ ಕೇಳುತ್ತಿರಲಿಲ್ಲ. ಬೀದಿಯಲ್ಲಿ ತಮಟೆ ಬಡಿದುಕೊಂಡು ಹೋದ ದಿನ ಮಕ್ಕಳೆಲ್ಲ ಓಡಿಹೋದರೆ, ಇವನು ಬೆನ್ನು ಹಾಕಿಕೊಂಡು ಇರುವೆ ನೋಡುತ್ತಾ ಕುಳಿತಿದ್ದನಂತೆ. ಅಕ್ಕನಿಗೆ ತಿಳಿದದ್ದು ಆವತ್ತು.

ತಾಯಿಗೂ ಮಗನಿಗೂ ಒಂದು ಕೈಭಾಷೆ ಬೆಳೆದಿತ್ತು. ಯಾರೂ ಕಲಿಸಿದ್ದಲ್ಲ. ಕಿರುಬೆರಳನ್ನು ಡೊಂಕು ಮಾಡಿ ಆಡಿಸಿದರೆ ರೇಷ್ಮೆಹುಳು. ಎರಡು ಮೊಣಕೈ ಮುಂದಕ್ಕೂ ಹಿಂದಕ್ಕೂ ಆಡಿಸಿದರೆ ರೈಲು, ಅಂದರೆ ಅಪ್ಪ. ದವಡೆ ಒಂದು ಕಡೆ ಉಬ್ಬಿಸಿ ಹುಬ್ಬು ಗಂಟು ಹಾಕಿದರೆ ಎಲೆಅಡಿಕೆ ಜಗಿಯುವ ಅಜ್ಜಿ. ಇದನ್ನು ಅವನು ಅಜ್ಜಿಯ ಎದುರಿಗೇ ಮಾಡುತ್ತಿದ್ದ. “ನೋಡೇ, ನಿನ್ನ ಮಗ ನನ್ನ ಅಣಕಿಸ್ತಾನೆ” ಎಂದು ಆಕೆ ಕೂಗಿದರೆ, ಅಕ್ಕ “ಹೆಸರು ಹಿಡಿದು ಕರೀತಾನೆ ಅತ್ತೇ, ಪ್ರೀತಿಗೆ” ಎನ್ನುವಳು. ಬೆರಳ ತುದಿಗಳ ಮೇಲೆ ಉಫ್ ಎಂದು ಊದಿದರೆ ಅಮ್ಮ. ಬಿಸಿನೀರಿನ ಕೈಯನ್ನು ಅವಳು ದಿನವಿಡೀ ಹಾಗೆ ಊದಿಕೊಳ್ಳುತ್ತಿದ್ದಳಲ್ಲ...

ಆದರೆ ಅಕ್ಕನಿಗೆ ಒಂದು ಆಸೆ. ಅವನ ಬಾಯಲ್ಲಿ ಒಂದು ಸಲ ‘ಅಮ್ಮ’ ಎನ್ನಿಸಿಕೊಳ್ಳಬೇಕು. ಅತ್ತೆ ದಿನಕ್ಕೆ ಹತ್ತು ಸಲ “ಮೂಗ, ಮೂಗ” ಎನ್ನುವುದು ಅವಳನ್ನು ಒಳಗೊಳಗೇ ಸುಡುತ್ತಿತ್ತು. ಒಂದು ಸಂಜೆ ನಮ್ಮ ಬಾಗಿಲಲ್ಲಿ ನಿಂತು, ನಗುತ್ತಲೇ ಕೇಳಿದಳು. “ಏಮಪ್ಪಾ, ಹೈಸ್ಕೂಲು ಓದಿದೀಯಲ್ಲ. ಮಾತು ಎಲ್ಲಿಂದ ಬರ್ತದೆ ಅಂತ ಹೇಳ್ಕೊಟ್ಟಿಲ್ವಾ ನಿಂಗೆ?”

ಹೇಳಿಕೊಟ್ಟಿದ್ದರು. ಅದೇ ಈ ಕತೆಯ ಮೂಲ. ಚಿಕ್ಕಬಳ್ಳಾಪುರದ ಹೈಸ್ಕೂಲಿನಲ್ಲಿ ನಮಗಿದ್ದ ಕನ್ನಡ ಪಂಡಿತರು ವರ್ಣಮಾಲೆಯನ್ನು ಉರು ಹೊಡೆಸುತ್ತಿರಲಿಲ್ಲ. ಬಾಯಿಯ ನಕ್ಷೆ ಓದಿದ ಹಾಗೆ ಓದಿಸುತ್ತಿದ್ದರು. ಮಾತಿಗೆ ಮೊದಲು ಬೇಕಾದದ್ದು ಉಸಿರು. ಅದು ಎದೆಯಿಂದ ಎದ್ದು ಗಂಟಲಿಗೆ ಬರುತ್ತದೆ. ಅಲ್ಲಿ ಎರಡು ಎಳೆ ಇವೆ. ಅವು ಹತ್ತಿರ ಬಂದು ನಡುಗಿದರೆ ನಾದ, ದೂರ ಸರಿದರೆ ಬರೀ ಗಾಳಿ. ಆಮೇಲೆ ಅದನ್ನು ಅಕ್ಷರವಾಗಿ ಕಡೆಯುವುದು ಬಾಯಿಯ ಕೆಲಸ. ನಾಲಗೆಯ ಬುಡ ಹಿಂದೆ ತಾಗಿದರೆ ಕ, ನಡುನಾಲಗೆ ಅಂಗುಳಕ್ಕೆ ತಾಗಿದರೆ ಚ, ತುದಿ ಮೇಲಕ್ಕೆ ಮಡಿಸಿದರೆ ಟ, ಹಲ್ಲಿಗೆ ತಾಗಿದರೆ ತ, ತುಟಿ ಸೇರಿದರೆ ಪ. “ಗಂಟಲಿನಿಂದ ತುಟಿಗೆ ನಡೆದುಕೊಂಡು ಬನ್ನಿ, ದಾರಿಯಲ್ಲೇ ಇಪ್ಪತ್ತೈದು ಅಕ್ಷರ ಸಿಗುತ್ತವೆ” ಎನ್ನುವರು. ನಾಲಗೆ ಎಲ್ಲಿ ತಾಗುತ್ತದೆಂದು ತೋರಿಸಲು ನಮ್ಮ ನಾಲಗೆಯ ಮೇಲೆ ಹುರಿಗಡಲೆ ಹಿಟ್ಟು ಸವರಿ, ‘ಟ’ ಅನ್ನಿಸಿ, ಕನ್ನಡಿ ಹಿಡಿದು ಅಂಗುಳದ ಮೇಲೆ ಅಂಟಿದ ಗುರುತನ್ನು ತೋರಿಸುತ್ತಿದ್ದರು. ನಾವು ಗುರುತನ್ನು ನೆಕ್ಕಿಬಿಟ್ಟು, “ಸಾರ್, ಕಾಣ್ಲಿಲ್ಲ, ಇನ್ನೊಂದ್ಸಲ” ಎನ್ನುತ್ತಿದ್ದೆವು.

ಇಷ್ಟು ವಿದ್ಯೆ ಇಟ್ಟುಕೊಂಡು ನಾನು ಅಕ್ಕನ ಜಗಲಿ ಹತ್ತಿದೆ. ಅವಳು ಅಂದಿನಿಂದ ನನ್ನನ್ನು “ಮೇಷ್ಟ್ರೇ” ಎಂದು ಕರೆಯತೊಡಗಿದಳು. ಮೊದಲು ತಮಾಷೆಗೆ. ಆಮೇಲೆ ನಿಜವಾಗಿ.

ಗೋಡೆಗಿದ್ದ ಕನ್ನಡಿ ತೆಗೆದು ಮುನಿರಾಜುವಿನ ಮುಂದಿಟ್ಟೆ. ತುಟಿಯಿಂದ ಶುರು ಮಾಡಿದೆ, ತುಟಿ ಕಣ್ಣಿಗೆ ಕಾಣುತ್ತದಲ್ಲ ಎಂದು. ಅಕ್ಕನ ಹಿತ್ತಲಿನಿಂದ ಜುಂಗು ತಂದು ಅವನ ಅಂಗೈ ಮೇಲಿಟ್ಟು ‘ಪ’ ಎಂದೆ. ಹಾರಿತು. ಅವನಿಗೆ ಅದು ಆಟವಾಯಿತು, ಮನೆಯ ತುಂಬ ಜುಂಗು ಹಾರಿಸಿ ಅಜ್ಜಿಯ ಬೈಗುಳಕ್ಕೆ ದಾರಿ ಮಾಡಿದ. ‘ಬ’ ಕಲಿಸಲು ಅವನ ಕೈಯನ್ನು ನನ್ನ ಗಂಟಲ ಮೇಲಿಟ್ಟುಕೊಂಡೆ, ಒಳಗಿನ ನಡುಕ ಬೆರಳಿಗೆ ತಿಳಿಯಲಿ ಎಂದು. ಕಷ್ಟ ಬಂದದ್ದು ‘ಮ’ಕ್ಕೆ. ಪ, ಬ, ಮ ಮೂರಕ್ಕೂ ತುಟಿ ಒಂದೇ ರೀತಿ ಮುಚ್ಚುತ್ತದೆ. ಕನ್ನಡಿಯಲ್ಲಿ ಮೂರೂ ಒಂದೇ. ನಾನು ಎಷ್ಟು ಸಲ ‘ಅಮ್ಮ’ ಎಂದು ತೋರಿಸಿದರೂ ಅವನ ಬಾಯಲ್ಲಿ ಬರುತ್ತಿದ್ದದ್ದು ‘ಅಬ್ಬ’. ‘ಮ’ದಲ್ಲಿ ಕಿರುನಾಲಗೆ ಕೆಳಗಿಳಿದು ಉಸಿರು ಮೂಗಿಗೆ ಹೋಗುತ್ತದೆ. ಒಳಗೆ ನಡೆಯುವ ಅದನ್ನು ಐದು ವರ್ಷದ ಮಗುವಿಗೆ ಹೇಗೆ ತೋರಿಸುವುದು? ನನ್ನ ಮೂಗಿನ ಪಕ್ಕಕ್ಕೆ ಅವನ ಬೆರಳು ಇಡಿಸಿದೆ. ಅವನು ಮೂಗು ಹಿಂಡಿ ನಕ್ಕ.

ಆಗ ನಾನೊಂದು ತೀರ್ಮಾನಕ್ಕೆ ಬಂದೆ. ಇವನಿಗೆ ಕೈಯಲ್ಲೇ ಎಲ್ಲ ಸಿಗುತ್ತದೆ, ಅದಕ್ಕೇ ಬಾಯಿ ಸೋಮಾರಿಯಾಗಿದೆ ಎಂದು. ನಮ್ಮ ಶಾಲೆಗಳಲ್ಲಿ ಮೇಷ್ಟ್ರು ಒಳಗೆ ಬಂದ ಕೂಡಲೇ ಹೇಳುತ್ತಿದ್ದ ಮೊದಲ ಮಾತು “ಕೈ ಕಟ್ಟಿ ಕೂತ್ಕೊಳ್ಳಿ” ಎಂದಲ್ಲವೇ? ಕೈ ಕಟ್ಟದೆ ವಿದ್ಯೆ ಇಲ್ಲ ಎಂದು ನಾನು ನಂಬಿದ್ದೆ. ಮುನಿರಾಜುವಿನ ಎರಡು ಕೈಗಳನ್ನೂ ಎದೆಯ ಮೇಲೆ ಕಟ್ಟಿಸಿ ಕೂರಿಸಿದೆ. ಬಿಚ್ಚಿದರೆ ಮತ್ತೆ ಕಟ್ಟಿಸುವೆ. ಅಕ್ಕನಿಗೂ ಕಟ್ಟುನಿಟ್ಟು ಮಾಡಿದೆ: ಅವನು ಕೈಯಲ್ಲಿ ಏನು ಕೇಳಿದರೂ ಕೊಡಬಾರದು, ನೋಡಿಯೂ ನೋಡದ ಹಾಗಿರಬೇಕು. ಅವಳು ಒಪ್ಪಿದಳು. ಮಗ ಬೆರಳು ಊದಿ ಊದಿ ಕರೆದರೆ, ಅವಳು ಚರಕದ ಕಡೆ ಮುಖ ತಿರುಗಿಸಿಕೊಂಡು ನೂಲು ತೆಗೆಯುವುದನ್ನು ನಾನೇ ನೋಡಿದ್ದೇನೆ. ಎಷ್ಟು ಕಷ್ಟವಾಗಿತ್ತೋ ಅವಳಿಗೆ... ನಾನು ಕೇಳಲಿಲ್ಲ.

ಬಹಳ ದಿನಗಳ ಮೇಲೆ, ಒಂದು ಸಂಜೆ, ಬಂತು. ನನ್ನ ಮೂಗಿನ ಮೇಲೆ ಬೆರಳಿಟ್ಟುಕೊಂಡಿದ್ದವನು ಅದನ್ನು ತನ್ನ ಮೂಗಿಗೆ ಒಯ್ದು, ಕಣ್ಣು ಅಗಲ ಮಾಡಿ, “ಅಮ್ಮ” ಎಂದ. ಒರಟು ದನಿ, ಆದರೆ ಸ್ಪಷ್ಟ. ಅಕ್ಕ ಒದ್ದೆ ಕೈಯಲ್ಲೇ ಓಡಿಬಂದಳು. “ಇನ್ನೊಂದ್ಸಲ ಅನ್ನೋ ನಾಯನಾ.” ಅವನು ನನ್ನ ಕಡೆ ನೋಡಿ “ಅಮ್ಮ” ಎಂದ. ಅಜ್ಜಿಯ ಕಡೆ ನೋಡಿ “ಅಮ್ಮ” ಎಂದ. ಬಾಗಿಲಲ್ಲಿ ಕಟ್ಟಿದ್ದ ಆಡಿಗೂ “ಅಮ್ಮ” ಎಂದ. ಅವನಿಗೆ ಅದು ಮೂಗಿನಲ್ಲಿ ಆಗುವ ಒಂದು ಕಚಗುಳಿ, ಅಷ್ಟೇ.

ಅಕ್ಕ ನಗುತ್ತಾ ಅತ್ತಳು. “ಆಡಿಗೂ ಅಮ್ಮ, ನಿಂಗೂ ಅಮ್ಮ. ಸದ್ದು ಬಂತು ಮೇಷ್ಟ್ರೇ, ನಾನು ಅವನ ಅಮ್ಮ ಅಂತ ಅದಕ್ಕೆ ಗೊತ್ತೇ ಇಲ್ವಲ್ಲ.” ನಾನು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಗೆದ್ದ ಅಮಲಿನಲ್ಲಿದ್ದೆ. ಬೀದಿಯವರೆಲ್ಲ ಬಂದು ನೋಡಿದರು. ಮಾರುಕಟ್ಟೆಯಲ್ಲಿ ಯಾರೋ “ಮೂಗನಿಗೆ ಮಾತು ಬರಿಸಿದೋನು ಇವನೇ” ಎಂದರು. ನನ್ನ ಜೀವನದಲ್ಲಿ ಅಂಥ ದಿನ ಹಿಂದೆ ಬಂದಿರಲಿಲ್ಲ.

ಇನ್ನು ಮುಂದಿನದನ್ನು ಬರೆಯಬೇಕೆಂದೇ ಕುಳಿತಿದ್ದು. ಕೆಲವು ದಿನ ಕಳೆದು ಕೆಮ್ಮಿಗೆ ಔಷಧಿ ತರಲು ಆಸ್ಪತ್ರೆಗೆ ಹೋದಾಗ, ಡಾಕ್ಟರ ಮುಂದೆ ನನ್ನ ಸಾಹಸ ಕೊಚ್ಚಿಕೊಂಡೆ. ಅವರು ಕೇಳಿ ಸಂತೋಷಪಟ್ಟರು. ಆಮೇಲೆ, ಕಿವಿ ಕೇಳದ ಮಕ್ಕಳಿಗೆಂದೇ ಮೈಸೂರಿನಲ್ಲಿ ಶಾಲೆ ಇದೆ, ಅಲ್ಲೇ ಇಟ್ಟುಕೊಂಡು ಓದು, ಕಸುಬು ಎಲ್ಲ ಕಲಿಸುತ್ತಾರೆ, ಚಿಕ್ಕವನಿರುವಾಗಲೇ ಸೇರಿಸಿದರೆ ಒಳ್ಳೆಯದು, ಅವನ ತಾಯಿಗೆ ಹೇಳು ಎಂದರು. ಹೇಳುತ್ತೇನೆ ಸಾರ್ ಎಂದು ಬಂದೆ.

ಹೇಳಲಿಲ್ಲ.

ಆ ಸಂಜೆ ಅಕ್ಕ ಬಾಗಿಲಲ್ಲೇ ನಿಂತು “ಬನ್ನಿ ಮೇಷ್ಟ್ರೇ, ನಿಮ್ಮ ಹುಡುಗ ಆಗ್ಲಿಂದ ಕಾಯ್ತಾ ಅವ್ನೆ” ಎಂದಳು. ನಾಳೆ ಹೇಳೋಣ ಎಂದುಕೊಂಡೆ. ನಾಳೆಯೂ ಅವಳು ಮೇಷ್ಟ್ರೇ ಎಂದಳು. ಹುಡುಗ ಮೈಸೂರಿಗೆ ಹೋದರೆ ನಾನು ಮತ್ತೆ “ಲೋ, ಬರ್ಕೋ” ಆಗುತ್ತೇನೆ. ಅದನ್ನು ಇಷ್ಟು ಬಿಡಿಸಿ ಆಗ ಯೋಚಿಸಿದೆನೋ ಇಲ್ಲವೋ ಕಾಣೆ. ಇನ್ನೊಂದು ವರ್ಗ ಮುಗಿಸಿಬಿಡೋಣ, ತ ಥ ದ ಧ ನ ಬಂದರೆ ಆಮೇಲೆ ಹೇಳೋಣ, ಹೀಗೆ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಾ ಹೋದೆ. ಹೀಗೆಯೇ ಒಂದು ಯುಗಾದಿ ಕಳೆಯಿತು. ಇನ್ನೊಂದೂ ಬಂತು.

ಆ ಎರಡನೆಯ ಯುಗಾದಿಯ ಆಸುಪಾಸಿನಲ್ಲೇ ಒಂದು ದಿನ, ಪಾಠಕ್ಕೆ ಕುಳಿತ ಹುಡುಗ ಬಾಯಿ ಬಿಡಲೇ ಇಲ್ಲ. ಕೈ ಕಟ್ಟಿಕೊಂಡು ಕುಳಿತಿದ್ದಾನೆ, ಕಣ್ಣಲ್ಲಿ ದಳದಳ ನೀರು. ಹಟ ಮಾಡುತ್ತಿದ್ದಾನೆಂದು ನಾನು ಗದರಿದೆ. ಕನ್ನಡಿಯನ್ನು ಇನ್ನಷ್ಟು ಹತ್ತಿರ ಹಿಡಿದೆ. ‘ತ’ ಎನ್ನು, ನಾಲಗೆ ಹಲ್ಲಿಗೆ ತಾಗಿಸು. ಅವನು ತುಟಿ ಕಚ್ಚಿಕೊಂಡು, ಕೈಗಳನ್ನು ಕಂಕುಳಲ್ಲಿ ಇನ್ನೂ ಬಿಗಿಯಾಗಿ ಸಿಕ್ಕಿಸಿಕೊಂಡ. ಅಷ್ಟರಲ್ಲಿ ಅಕ್ಕ ಹಿತ್ತಲಿನಿಂದ ಬಂದವಳು ಅವನ ಕಾಲು ನೋಡಿದಳು. ಮಡಚಿಕೊಂಡಿದ್ದ ಪಾದದ ಮೇಲೆ ಬೊಬ್ಬೆ ಎದ್ದಿತ್ತು. ಗೂಡು ಬೇಯಿಸುವ ನೀರು ಚೆಲ್ಲಿತ್ತು, ಯಾರೂ ನೋಡಿರಲಿಲ್ಲ.

ಅವಳು ಕುಳಿತು ಅವನ ಕೈಗಳನ್ನು ಬಿಡಿಸಿದಳು. ಬಿಡಿಸಿದ್ದೇ ತಡ, ಆ ಕೈಗಳು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟವು. ಬಾಂಡಲೆ, ಹೊಗೆ, ಬೆಕ್ಕು ಹಾರಿದ್ದು, ನೀರು ಚೆಲ್ಲಿದ್ದು, ಉರಿ. ಕೈಭಾಷೆ ಕಲಿಯದ ನನಗೂ ಎಲ್ಲ ಅರ್ಥವಾಯಿತು. ಅಕ್ಕ ತಾನೂ ಕೈಯಲ್ಲೇ ಏನೇನೋ ಹೇಳಿದಳು. ಎಷ್ಟೋ ದಿನಗಳಾಗಿತ್ತು ಅವರಿಬ್ಬರೂ ಹಾಗೆ ಮಾತಾಡಿ.

ಕಾಲಿಗೆ ಎಣ್ಣೆ ಹಚ್ಚುತ್ತಾ ಅವಳು ನನಗೆ ಹೇಳಿದ್ದು ಇಷ್ಟೇ. “ಇನ್ಮೇಲೆ ಕೈ ಕಟ್ಟಿಸ್ಬೇಡಪ್ಪ.” ಕೋಪವಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನಕ್ಕು, “ನಿಂಗೂ ಹೆಸರಿಟ್ಟವ್ನೆ, ಗೊತ್ತಾ?” ಎಂದಳು. ಮಗನ ಗಲ್ಲ ಹಿಡಿದು ನನ್ನ ಕಡೆ ಬೆರಳು ತೋರಿಸಿದಳು. ಅವನು ಮೂಗು ಒರೆಸಿಕೊಂಡು, ಎರಡು ಕೈಗಳನ್ನೂ ಎದೆಯ ಮೇಲೆ ಕಟ್ಟಿ ತೋರಿಸಿದ. ಅದು ನಾನು.

ಅಷ್ಟಾದರೂ ನಾನು ಶಾಲೆಯ ವಿಷಯ ಹೇಳಲಿಲ್ಲ. ಆವತ್ತಾದರೂ ಹೇಳಬಹುದಿತ್ತು. ಆಗ ಹೇಳಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾಳಲ್ಲ ಎಂಬ ಹೆದರಿಕೆ ಹೊಸದಾಗಿ ಸೇರಿಕೊಂಡಿತ್ತು.

ಕೊನೆಗೆ ಸುದ್ದಿ ತಂದವನು ಅವಳ ಗಂಡ. ರೈಲಿನಲ್ಲಿ ಯಾರೋ ಹೇಳಿದ್ದರಂತೆ. ಅಕ್ಕ ಬೀದಿ ದಾಟಿ ಓಡಿಬಂದಳು. “ಮೇಷ್ಟ್ರೇ, ಕೇಳಿದ್ರಾ? ಇಂಥ ಮಕ್ಕಳಿಗೇ ಅಂತ ಮೈಸೂರ್ನಾಗೆ ಇಸ್ಕೂಲ್ ಐತಂತೆ! ನಿಮ್ಗೆ ಗೊತ್ತಿತ್ತಾ?”

“ಹೌದಾ ಅಕ್ಕಾ? ನನಗೆ ಗೊತ್ತೇ ಇರಲಿಲ್ಲ” ಎಂದೆ. ನನ್ನ ದನಿ ಎಲ್ಲೂ ತಡವರಿಸಲಿಲ್ಲ. ಉಸಿರು, ಗಂಟಲು, ನಾಲಗೆ, ತುಟಿ, ಎಲ್ಲವೂ ತಮ್ಮ ತಮ್ಮ ಜಾಗಕ್ಕೆ ಹೋಗಿ ಕೆಲಸ ಮಾಡಿದವು.

ಗಂಡ ಹೆಂಡತಿ ಹುಡುಗನನ್ನು ಕರೆದುಕೊಂಡು ಹೋಗಿ ಸೇರಿಸಿ ಬಂದರು. ಬಂದವಳು ನಮ್ಮ ಜಗಲಿಯ ಮೇಲೆ ಕುಳಿತು ಎಲ್ಲವನ್ನೂ ಬಣ್ಣಿಸಿದಳು. ಅಲ್ಲಿಯ ಮಕ್ಕಳು ಕೈಯಲ್ಲೇ ಹರಟುತ್ತವಂತೆ, ಕೈಯಲ್ಲೇ ಜಗಳ ಆಡುತ್ತವಂತೆ. ನಮ್ಮವನು ಹೋದ ಗಂಟೆಯಲ್ಲೇ ಒಂದರ ಜೊತೆ ಜಗಳಕ್ಕೆ ನಿಂತನಂತೆ. ಅವಳ ನಗು ಅಲ್ಲಿಗೆ ನಿಂತಿತು. “ಅಲ್ಲಿಯ ಅಮ್ಮಾವ್ರು ಹೇಳಿದ್ರು ಕಣಪ್ಪ, ಒಂದೆರಡು ವರ್ಷ ಮೊದಲೇ ಕರ್ಕೊಂಡು ಬಂದಿದ್ರೆ ಮಗು ಇನ್ನೂ ಬೇಗ ಹಿಡೀತಿತ್ತು ಅಂತ. ನಾನು ಹೆಡ್ಡಿ. ಯಾರನ್ನಾದ್ರೂ ಕೇಳ್ಬೇಕಿತ್ತು. ಕೇಳ್ಲಿಲ್ಲ. ನನ್ನದೇ ತಪ್ಪು.”

ನಾನು ಎದ್ದು ಅವಳಿಗೆ ಕುಡಿಯಲು ನೀರು ತಂದುಕೊಟ್ಟೆ.

ಕೆಲವು ವರ್ಷಗಳ ಮೇಲೆ ಅವರು ಮನೆ ಬಿಟ್ಟು ತೊಂಡೇಬಾವಿಗೆ ಹೋದರು. ಮುನಿರಾಜು ಹೊಲಿಗೆ ಕಲಿತು, ಗೌರಿಬಿದನೂರಿನಲ್ಲಿ ಅಂಗಡಿ ಇಟ್ಟ. ತನ್ನಂತೆಯೇ ಕಿವಿ ಕೇಳದ ಹುಡುಗಿಯನ್ನು ಮದುವೆಯಾದ. ನನ್ನ ಮಗಳ ಮದುವೆಗೆ ಅಕ್ಕ ಬಂದಿದ್ದಳು, ಕೂದಲು ಪೂರಾ ಬೆಳ್ಳಗಾಗಿತ್ತು, ನಗು ಮಾತ್ರ ಅದೇ. ಬೀಗರ ಮುಂದೆಲ್ಲ ನನ್ನನ್ನು ತೋರಿಸಿ, “ನನ್ನ ಮಗನಿಗೆ ಮೊದಲ ಅಕ್ಷರ ಹೇಳ್ಕೊಟ್ಟ ಮೇಷ್ಟ್ರು ಇವರು” ಎಂದಳು. ಊಟವಾದ ಮೇಲೆ ಒಬ್ಬಳೇ ಸಿಕ್ಕಿದ್ದಳು. ಎಲೆಅಡಿಕೆ ಮಡಿಸಿಕೊಡುತ್ತಾ, ತಾನು ಮಾಡಿದ ಆ ತಡದ ಮಾತನ್ನು ಮತ್ತೆ ಎತ್ತಿದಳು. ಅಷ್ಟು ವರ್ಷಗಳ ಮೇಲೂ ಅವಳಿಗೆ ಅದು ಚುಚ್ಚುತ್ತಿತ್ತು. ಹೇಳಿಬಿಡೋಣ ಎಂದು ಬಾಯಿ ತೆರೆದೆ. ಯಾರೋ ಫೋಟೋಗೆ ಕರೆದರು. ಹೋದೆ.

ಎರಡು ವರ್ಷದ ಹಿಂದೆ ಅಕ್ಕ ಹೋದಳೆಂದು ತಿಳಿಯಿತು. ಮಣ್ಣಿಗೆ ಹೋಗಲಾಗಲಿಲ್ಲ, ತಿಥಿಯ ದಿನ ಮೊಮ್ಮಗನ ಕಾರಿನಲ್ಲಿ ತೊಂಡೇಬಾವಿಗೆ ಹೋದೆ. ಮುನಿರಾಜು, ಅವನೂ ಈಗ ಅಜ್ಜನೇ, ನನ್ನನ್ನು ಕಂಡ ಕೂಡಲೇ ಗುರುತು ಹಿಡಿದು ಕೈ ಹಿಡಿದುಕೊಂಡು ಹಿಂದಿನ ಕೋಣೆಗೆ ಕರೆದೊಯ್ದ. ಅಲ್ಲಿ ಇಬ್ಬರೇ ಇದ್ದೆವು. ನಾನು ಅವನಿಗೆ ಎಲ್ಲವನ್ನೂ ಹೇಳಿದೆ. ಡಾಕ್ಟರು ಹೇಳಿದ್ದು, ನಾನು ಮುಚ್ಚಿಟ್ಟದ್ದು, ಅವನ ತಾಯಿ ಸಾಯುವವರೆಗೂ ತನ್ನ ತಪ್ಪೆಂದು ಹೊತ್ತುಕೊಂಡದ್ದು ನನ್ನ ತಪ್ಪೆಂದು. ಅವನು ನನ್ನ ತುಟಿಗಳನ್ನೇ ನೋಡುತ್ತಿದ್ದ. ನನಗೆ ಹಲ್ಲಿಲ್ಲ, ಮೀಸೆ ಬಾಯಿಯ ಮೇಲೆ ಬಿದ್ದಿದೆ, ಮಾತು ತೊದಲುತ್ತದೆ. ಅವನು ಹುಬ್ಬು ಗಂಟಿಕ್ಕಿ, ತಿಳಿಯಲಿಲ್ಲ ಎಂದು ತಲೆಯಾಡಿಸಿದ. ಜೇಬಿನಿಂದ ಪೆನ್ನು ತೆಗೆದು, ಗೋಡೆಯ ಕ್ಯಾಲೆಂಡರಿನ ಒಂದು ಹಾಳೆ ಹರಿದು ನನ್ನ ಮುಂದೆ ಹಿಡಿದ, ಬರೆದು ತೋರಿಸು ಎಂದು.

ಪೆನ್ನು ಹಿಡಿದುಕೊಂಡೆ. ಅವನು ಕಾದ. ಹಾಳೆಯ ಮೇಲೆ ನಾನು ಬರೆದದ್ದು, ‘ನಿಮ್ಮ ತಾಯಿ ಬಹಳ ಒಳ್ಳೆಯವರು.’

ಓದಿ ಅವನು ಅತ್ತ. ನನ್ನ ಭುಜ ತಟ್ಟಿ, ತಾನೇ ಎಲೆ ಹಾಸಿ, ಬಡಿಸಲು ಸೊಸೆಗೆ ಕೈಸನ್ನೆ ಮಾಡಿದ. ನಾನು ಕುಳಿತು ಉಂಡೆ. ಹೊಟ್ಟೆ ತುಂಬ ಬಡಿಸಿದರು.

ಎಂಬತ್ತೈದು ದಾಟಿದವನು ಈಗ ಇದನ್ನು ಅಚ್ಚಿಗೆ ಕೊಡುತ್ತಿದ್ದೇನೆ. ಮುನಿರಾಜು ಪತ್ರಿಕೆ ಓದುತ್ತಾನೆಂದು ಅವನ ಸೊಸೆ ಹೇಳಿದ್ದಾಳೆ. ಅವನು ಓದಲಿ. ಅಕ್ಕನಿಗೆ ಹೇಳಬೇಕಿತ್ತು... ಅವಳಿಗೆ ಕಿವಿ ಚೆನ್ನಾಗಿ ಕೇಳುತ್ತಿತ್ತು.